ಗಂಟು ಇಳಿಸಿಕೊಳ್ಳುವವರ ನಂಬರು

ಕಳೆದ ನವೆಂಬರ್ ತಿಂಗಳ ಮೂರನೇ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಹಾಲಿನ ಡೈರಿ ಕಾರ್ಯದರ್ಶಿಯ ಮೊಬೈಲಿಗೆ ಹೆಚ್ಚುಕಡಿಮೆ ಒಂದೇ ಸಂದೇಶ ಐವತ್ತೆಂಟು ಸಲ ಹೋಯಿತು. ಅದೇ ಹೊತ್ತಿಗೆ ಅರೇಹಳ್ಳಿ ಬಸ್ ನಿಲ್ದಾಣದ ಎದುರಿನ ಹೋಟೆಲ್ ಮಾಲೀಕರ ಮೊಬೈಲಿಗೆ ನೂರಾ ಮೂವತ್ತೊಂದು ಸಲ ಹೋಯಿತು. ಕಳಿಸಿದವನು ನಾನು.

ಅದಕ್ಕೆ ಒಂದು ವರ್ಷ ಮೊದಲು ನಾನು ಅರಸೀಕೆರೆಯಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿದ್ದೆ. ಪತ್ರಿಕೆ ಸ್ಥಳೀಯ ಪುಟವನ್ನು ನಿಲ್ಲಿಸಿತು. ನನ್ನ ಕೆಲಸವೂ ನಿಂತಿತು. ರೈಲ್ವೆ ನಿಲ್ದಾಣದ ರಸ್ತೆಯಲ್ಲಿ, ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಸಣ್ಣ ಅಂಗಡಿಗಳ ಪರವಾಗಿ ಅವರ ಗಿರಾಕಿಗಳಿಗೆ ಮೊಬೈಲ್ ಸಂದೇಶ ಕಳಿಸುವ ಸೇವೆ ಶುರುಮಾಡಿದೆ. ಕನ್ನಡದಲ್ಲಿ ಒಂದು ಸಂದೇಶಕ್ಕೆ ಎಪ್ಪತ್ತು ಅಕ್ಷರ ಮಿತಿ. ಒತ್ತು, ದೀರ್ಘ, ಕೊಂಬು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಬರುವುದರಿಂದ ನಿಜವಾಗಿ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ವರ್ಷ ಶೀರ್ಷಿಕೆ ಕೊಟ್ಟವನಿಗೆ ಇದು ಕಷ್ಟವಲ್ಲ ಎಂದುಕೊಂಡಿದ್ದೆ. ಕಷ್ಟ ಇದ್ದದ್ದು ಅಲ್ಲಿ ಅಲ್ಲ.

ಮೊದಲು ಕೇಳಿದ್ದು ಕೆಳಗಿನ ಮಂಡಿಯ ಯಜಮಾನರನ್ನೇ. ಅವರು ಕೊಬ್ಬರಿ ಮುರಿದು ನೋಡುತ್ತಲೇ ಹೇಳಿದರು: "ನಮ್ ರೈತರಿಗೆ ಮೆಸೇಜು ಹಾಕುದ್ರೆ ಓದಾಕಿಲ್ಲ ಕಣ್ರೀ. ಫೋನ್ ಮಾಡುದ್ರೇ ಎತ್ತಾಕಿಲ್ಲ. ನೀವು ಸುಮ್ನೆ ಪೇಪರ್‌ನಾಗೇ ಇರಬಾರ್ದಾಗಿತ್ತಾ?" ಪೇಪರೇ ನನ್ನನ್ನು ಬಿಟ್ಟಿತು ಎಂದೆ. "ಹಂಗಾದ್ರೆ ಅದನ್ನೇ ಮೆಸೇಜು ಮಾಡಿ" ಎಂದು ಪಕ್ಕದವರ ಕಡೆ ನೋಡಿ ನಕ್ಕರು.

ಆರು ತಿಂಗಳಲ್ಲಿ ಅರಸೀಕೆರೆಯಲ್ಲಿ ಇಂಥ ಉತ್ತರಗಳೇ ಸಿಕ್ಕಿದವು. ಸೆಪ್ಟೆಂಬರ್ ಕೊನೆಗೆ, ಪರಿಚಯದವರೊಬ್ಬರ ಮೂಲಕ, ಬೇಲೂರಿನ ಹೆಂಗಸೊಬ್ಬರು ಫೋನ್ ಮಾಡಿದರು. ಅವರದು ರವಿಕೆ ಹೊಲಿಯುವ ಅಂಗಡಿ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಅದೇ ಜೀವನ. ಜೊತೆಗೆ ಇಬ್ಬರು ಹೆಂಗಸರು ಹೊಲಿಯುತ್ತಾರೆ. ಬಸ್ ನಿಲ್ದಾಣದ ಹತ್ತಿರವಿದ್ದ ಅಂಗಡಿಯ ಮುಂಭಾಗ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಎರಡು ಬೀದಿ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕ ಹೊಸ ಜಾಗ ಸಿಕ್ಕಿತ್ತು. ಗಿರಾಕಿಗಳಿಗೆ ಅದು ಗೊತ್ತಿರಲಿಲ್ಲ.

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಹೋಗುವ ಬಸ್ಸಿನಲ್ಲಿ ಹೋಗಿ ಅವರನ್ನು ಕಂಡೆ.

"ಹಳ್ಳಿಯಿಂದ ಬಟ್ಟೆ ಗಂಟು ಬಸ್ಸಲ್ಲಿ ಬರುತ್ತಣ್ಣ" ಎಂದರು. "ಕಂಡಕ್ಟ್ರು ಹಳೇ ಜಾಗಕ್ಕೆ ಹೋಗಿ ನಿಲ್ತಾರೆ. ಅಂಗಡಿ ಇಲ್ಲ. ಒಂದು ಬಾಗ್ಲು ಆಚೆ ಇನ್ನೊಬ್ರು ಟೈಲರ್ ಇದಾರಲ್ಲ, ಅವ್ರ ಕೈಗೆ ಕೊಟ್ಟು ಹೋಗ್ತಾರೆ."

"ಅವರು ನಿಮಗೆ ಕೊಡೋದಿಲ್ವಾ?"

"ಕೇಳಿದ್ದಕ್ಕೆ, ಹೊಲಿಯೋಕೆ ಅಂತ ಬಂದ ಬಟ್ಟೆ ಬೇಡ ಅನ್ನೋದು ಹ್ಯಾಗಮ್ಮ, ಲಕ್ಷ್ಮಿ ಅಲ್ವಾ ಅಂದ್ರು."

ಧನುರ್ಮಾಸ ಕೂರುವ ಮೊದಲು ಮದುವೆಗಳ ಸಾಲು. ವರ್ಷದ ಕೆಲಸದಲ್ಲಿ ದೊಡ್ಡ ಪಾಲು ಆ ಎರಡು ತಿಂಗಳಲ್ಲೇ ಬರುತ್ತದೆ. ಅಷ್ಟರೊಳಗೆ ಗಂಟುಗಳು ಹೊಸ ಅಂಗಡಿಗೆ ಬರದಿದ್ದರೆ ಜೊತೆಯ ಇಬ್ಬರನ್ನೂ ಬಿಡಿಸಬೇಕು, ಅಂಗಡಿ ಮುಚ್ಚಿ ಮನೆಯಲ್ಲೇ ಹೊಲಿಯಬೇಕು ಎಂದರು. ಇದನ್ನು ಹೇಳುವಾಗ ಅವರ ಧ್ವನಿ ಬದಲಾಗಲಿಲ್ಲ. ಹೊಲಿಗೆಯನ್ನೂ ನಿಲ್ಲಿಸಲಿಲ್ಲ.

ಒಂದು ವಾರದಲ್ಲಿ ಪ್ರತಿಯೊಬ್ಬ ಗಿರಾಕಿಯ ಕೈಗೆ, ಅವರವರ ಹೆಸರು ಹಾಕಿ, ಸಂದೇಶ ತಲುಪಿಸುತ್ತೇನೆ ಎಂದು ಹೇಳಿದೆ. ಅದು ಏಳು ವಾರ ಹಿಡಿಯಿತು.

ಸಂದೇಶ ಕಳಿಸುವ ಅಂಗಡಿ ಮೊದಲು ನೋಂದಣಿ ಆಗಬೇಕು. ನೋಂದಣಿಗೆ ಪರವಾನಗಿ ಬೇಕು. ಅವರ ಪರವಾನಗಿಯಲ್ಲಿ ಹಳೆಯ ವಿಳಾಸವಿತ್ತು. ಆ ವಿಳಾಸದಲ್ಲಿ ಈಗ ಜಲ್ಲಿ ರಾಶಿ ಇತ್ತು. ಅರ್ಜಿಯಲ್ಲಿ ಅಂಗಡಿಯ ಈಗಿನ ಫೋಟೊ ಕೇಳಿದ್ದರು. ಪರವಾನಗಿಯ ವಿಳಾಸಕ್ಕೂ ಫೋಟೊಗೂ ತಾಳೆಯಾಗಬೇಕು. ಜಲ್ಲಿ ರಾಶಿಯ ಫೋಟೊ ಹಾಕಲಾಗುವುದಿಲ್ಲ. ಹೊಸ ವಿಳಾಸಕ್ಕೆ ಪರವಾನಗಿ ಬದಲಿಸಲು ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಬೇಕು. ಮಾಲೀಕರು ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದರು. ಅವರು ಬರುವ ತನಕ ಹದಿನೆಂಟು ದಿನ. ಅಂಗಡಿ ಸ್ಥಳ ಬದಲಾಗಿದೆ ಎಂದು ಜನರಿಗೆ ತಿಳಿಸಲು, ಅಂಗಡಿ ಸ್ಥಳ ಬದಲಾಗಿಲ್ಲ ಎಂಬಂತೆ ಕಾಗದ ತೋರಿಸಬೇಕಿತ್ತು.

ನೋಂದಣಿ ಆದ ಮೇಲೆ ಸಂದೇಶದ ಒಕ್ಕಣೆಗೆ ಒಪ್ಪಿಗೆ ಪಡೆಯಬೇಕು. ಮೊದಲನೆಯದು ತಿರಸ್ಕೃತವಾಯಿತು: ಅಂಗಡಿಯ ಹೆಸರಿಲ್ಲ. ಹೆಸರು ಹಾಕಿದೆ. ಎರಡನೆಯದೂ ತಿರಸ್ಕೃತ: ಹೆಸರು ದಾಖಲೆಯಲ್ಲಿ ಇದ್ದಂತಿಲ್ಲ. ದಾಖಲೆಯಲ್ಲಿ ಇದ್ದಂತೆ ಹಾಕಿದರೆ ಎಪ್ಪತ್ತು ಅಕ್ಷರದಲ್ಲಿ ಹೆಸರೇ ಅರ್ಧ ತಿಂದಿತು. ಮೂರನೆಯದಕ್ಕೆ ಬಂದ ಕಾರಣ, ಉದ್ದೇಶ ಸ್ಪಷ್ಟವಾಗಿಲ್ಲ. "ಅಂಗಡಿ ಗಿರಣಿ ಪಕ್ಕಕ್ಕೆ ಬಂದಿದೆ" ಎಂಬುದರಲ್ಲಿ ಯಾವುದು ಸ್ಪಷ್ಟವಿಲ್ಲ ಎಂದು ಕೇಳಲು ಸಹಾಯವಾಣಿಗೆ ಫೋನ್ ಮಾಡಿದೆ. ಒಂದು, ಎರಡು, ಮೂರು ಒತ್ತಿಸಿಕೊಂಡು, ಹಾಡು ಕೇಳಿಸಿ, ಲೈನು ಕತ್ತರಿಸಿತು. ಇದು ಐದು ದಿನ ನಡೆಯಿತು. ಕೊನೆಗೆ ಒಂದು ಅಕ್ಷರವನ್ನೂ ಬದಲಿಸದೆ ಅದನ್ನೇ ಮತ್ತೆ ಹಾಕಿದೆ. ಒಪ್ಪಿಗೆಯಾಯಿತು.

ಈ ನಡುವೆ ಬೇಲೂರಿಗೆ ಹೋಗಿ ಅವರ ಆರ್ಡರ್ ಪುಸ್ತಕದಿಂದ ಪಟ್ಟಿ ಬರೆದುಕೊಂಡೆ. ಒಟ್ಟು ನಾನೂರ ಹನ್ನೆರಡು ಸಾಲು. ಪ್ರತಿ ಸಾಲಿನಲ್ಲೂ ಊರು, ಗುರುತು, ಅಳತೆ, ಫೋನ್ ನಂಬರು. ಗುರುತು ಎಂದರೆ ಹೆಸರಲ್ಲ. "ಹುಲಿಕೆರೆ ದೊಡ್ಡಮನೆ ಸೊಸೆ", "ಅರೇಹಳ್ಳಿ ನರ್ಸಮ್ಮ", ಹೀಗೆ. ಕೆಲವು ಕಡೆ ಗುರುತಿಗೆ ಅಂಟಿಕೊಂಡೇ ಮೈಕಟ್ಟಿನ ಟಿಪ್ಪಣಿ ಇತ್ತು: ಗೂನು ಬೆನ್ನು, ಸಣ್ಣ ಭುಜ. ಅಂಥವನ್ನು ಹುಡುಕಿ ಹುಡುಕಿ ತೆಗೆದೆ. ಉಳಿದದ್ದನ್ನು ಇದ್ದಂತೆಯೇ ಟೈಪ್ ಮಾಡಿದೆ.

ನಂಬರುಗಳನ್ನೂ ಇದ್ದಂತೆಯೇ ಟೈಪ್ ಮಾಡಿದೆ. ಹತ್ತು ಅಂಕಿ ಇದೆಯೇ ಎಂದು ನೋಡಿದೆನೇ ಹೊರತು ಯಾರದ್ದೆಂದು ನೋಡಲಿಲ್ಲ. ವರದಿಗಾರನಾಗಿದ್ದಾಗ ಅಪಘಾತದಲ್ಲಿ ಗಾಯಗೊಂಡವರ ಹೆಸರನ್ನು ಎರಡು ಕಡೆ ಕೇಳದೆ ಬರೆದವನಲ್ಲ. ಇಲ್ಲಿ ಒಂದು ನಂಬರಿಗೂ ಫೋನ್ ಮಾಡಲಿಲ್ಲ. ಒಂದೇ ನಂಬರಿಗೆ ಎರಡು ಸಲ ಹೋಗದಂತೆ ತಡೆಯುವ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇದೆ. ಆದರೆ ಪ್ರತಿ ಸಂದೇಶದಲ್ಲೂ ಹೆಸರು ಬೇರೆ ಇದ್ದರೆ ಅದು ತಡೆಯುವುದಿಲ್ಲ.

ಆ ಸೋಮವಾರ ಸಂದೇಶ ಹೋಗಿ ಕಾಲು ಗಂಟೆಗೆ, ಹತ್ತೂವರೆಗೆ, ಹುಲಿಕೆರೆಯ ಡೈರಿ ಕಾರ್ಯದರ್ಶಿ ಫೋನ್ ಮಾಡಿದರು.

"ಯಾರ್ರೀ ಅದು? ನಾನೇನು ರವಿಕೆ ಹೊಲಿಸ್ಕೊಳ್ಳೋನ? ದೊಡ್ಡಮನೆ ಸೊಸೆ ಅವರೇ ಅಂತ ಬತ್ತೈತೆ, ಅಂಗನವಾಡಿ ಟೀಚರ್ ಅವರೇ ಅಂತ ಬತ್ತೈತೆ. ಕಾಲು ಗಂಟೇಲಿ ನಾನು ಎಷ್ಟು ಜನ ಹೆಂಗಸ್ರು ಆಗ್ಬೇಕು?"

ತಪ್ಪಾಗಿದೆ, ಪಟ್ಟಿಯಲ್ಲಿ ನಿಮ್ಮ ನಂಬರು ಇದೆ ಎಂದೆ.

"ಇರ್ದೆ ಇನ್ನೇನು? ಗಂಟು ಇಳಿಸ್ಕೊಳ್ಳೋನು ನಾನೇ ಅಲ್ವಾ!"

ತಕ್ಷಣ ಬೇಲೂರಿಗೆ ಫೋನ್ ಮಾಡಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಗಿರಾಕಿ ನಂಬರು ನಂಗ್ಯಾಕಣ್ಣ? ಹೊಲಿದಾದ್ಮೇಲೆ ಗಂಟು ಬಸ್ಸಿಗೆ ಹಾಕ್ತೀನಿ. ಊರಲ್ಲಿ ಇಳಿಸ್ಕೊಳ್ಳೋರಿಗೆ ಒಂದು ಫೋನು. ಮಿಕ್ಕಿದ್ದು ಅವರವರು ನೋಡ್ಕೊತಾರೆ. ಎಲ್ಲಾ ಟೈಲರ್‌ಗಳೂ ಹಂಗೇ ಬರ್ಕೊಳೋದು."

"ನೀವು ಹೇಳಬೇಕಿತ್ತಲ್ಲಮ್ಮ."

"ನೀವು ಕೇಳ್ಲಿಲ್ವಲ್ಲ. ಒಬ್ಬೊಬ್ರಿಗೂ ಅವರವರ ಹೆಸರಲ್ಲೇ ಹೋಗುತ್ತೆ ಅಂದ್ರಿ. ಕಂಪ್ಯೂಟ್ರು, ಅದಕ್ಕೆ ಗೊತ್ತಿರುತ್ತೆ ಅಂದ್ಕೊಂಡೆ."

ಪಟ್ಟಿಯನ್ನು ಮತ್ತೆ ತೆಗೆದು ಎಣಿಸಿದೆ. ನಾನೂರ ಹನ್ನೆರಡು ಸಾಲಿನಲ್ಲಿದ್ದದ್ದು ಹತ್ತೊಂಬತ್ತು ನಂಬರು. ಹೋಟೆಲು, ಡೈರಿ, ಬೀಡಾ ಅಂಗಡಿ, ನ್ಯಾಯಬೆಲೆ ಅಂಗಡಿ. ಬಸ್ ನಿಲ್ಲುವಲ್ಲಿ ದಿನವಿಡೀ ಕೂರುವವರು. ಈ ಹತ್ತೊಂಬತ್ತು ಮಂದಿಗೆ ಆಕೆ ಒಂದು ಮಧ್ಯಾಹ್ನದಲ್ಲಿ ಫೋನ್ ಮಾಡಿ ಮುಗಿಸಬಹುದಿತ್ತು. ಮಾಡಿಯೂ ಇದ್ದರು. "ಸೆಪ್ಟೆಂಬರಲ್ಲೇ ಹೇಳಿದ್ದೆ. ಹ್ಞೂಂ ಅಂದ್ರು. ಗಂಟು ಕಳಿಸೋರು ಅವರಲ್ಲ ನೋಡಿ, ಹೆಂಗಸ್ರು. ಅವರಿಗೆ ಯಾರು ಹೇಳ್ತಾರೆ? ಅದಕ್ಕೇ ನಿಮ್ಮನ್ನ ಹಿಡಿದದ್ದು" ಎಂದರು.

ಹುಲಿಕೆರೆಯ ಕಾರ್ಯದರ್ಶಿ ಕೋಪಿಷ್ಠರಾದರೂ ಕೆಲಸಗಾರರು. ಅದೇ ಸಂಜೆ ಹಾಲು ಹಾಕಲು ಜನ ಸಾಲು ನಿಂತಾಗ ಐವತ್ತೆಂಟು ಸಂದೇಶವನ್ನೂ ಹಾಜರಿ ಕೂಗಿದಂತೆ ಓದಿದರು. ನಾನು ಹುಡುಕಿ ತೆಗೆದ ಟಿಪ್ಪಣಿಗಳಲ್ಲಿ ಒಂದು ಕಣ್ತಪ್ಪಿ ಉಳಿದಿತ್ತು. ಅದನ್ನೂ ಓದಿದರು: "ಅಂಗನವಾಡಿ ಟೀಚರ್ ದಪ್ಪತೋಳು ಅವರೇ". ಟೀಚರ ಗಂಡ ಕ್ಯಾನು ಹಿಡಿದು ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತಿದ್ದರು. ಮರುದಿನ ಟೀಚರ್ ಬೇಲೂರಿಗೆ ಬಂದು ತಮ್ಮ ಅಳತೆ ರವಿಕೆಯನ್ನು ವಾಪಸು ತೆಗೆದುಕೊಂಡು ಹೋದರು. ಹೊಸ ಅಂಗಡಿಯನ್ನು ಮೊದಲು ಹುಡುಕಿಕೊಂಡು ಬಂದ ಗಿರಾಕಿ ಅವರೇ.

ಅರೇಹಳ್ಳಿಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಹೋಟೆಲ್ ಮಾಲೀಕರು ಯಾರೋ ಬ್ಯಾಂಕ್ ಖಾತೆಗೆ ಕೈ ಹಾಕಿದ್ದಾರೆ ಎಂದು ಮೊಬೈಲ್ ಆಫ್ ಮಾಡಿ, ಸಿಮ್ ತೆಗೆದು, ಎರಡು ದಿನ ಹಾಗೇ ಇಟ್ಟರು. ವಿಷಯ ತಿಳಿದ ಮೇಲೆ ಕಂಡಕ್ಟರಿಗೆ, "ಬೇಲೂರಿನ ಬಟ್ಟೆ ಗಂಟು ಇನ್ಮೇಲೆ ನನ್ ಹೋಟ್ಲತ್ರ ಇಳಿಸಬ್ಯಾಡ, ಇಲ್ಲಿಂದ ಹತ್ತಿಸ್ಲೂಬ್ಯಾಡ" ಎಂದರು. ಆಕೆಯ ಕೆಲಸದಲ್ಲಿ ಮೂರನೇ ಒಂದು ಪಾಲು ಅರೇಹಳ್ಳಿ ಕಡೆಯದು. ಸಂದೇಶ ಕಳಿಸುವ ಮೊದಲು ಅಲ್ಲಿಯ ಗಂಟು ತಪ್ಪು ಅಂಗಡಿಗಾದರೂ ಬರುತ್ತಿತ್ತು. ಕಳಿಸಿದ ಮೇಲೆ ಬರುವುದೇ ನಿಂತಿತು.

ಮುಂದಿನ ಭಾನುವಾರ ಆಕೆಯೂ ನಾನೂ ಅರೇಹಳ್ಳಿಗೆ ಹೋದೆವು. ಹೋಟೆಲ್ ಮಾಲೀಕರು ಗಲ್ಲಾದಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದೆ.

"ಓ, ನೀವೇನಾ ಆ ನೂರಾ ಮೂವತ್ತೊಂದು?"

ಹೌದು ಎಂದೆ.

"ಈಯಮ್ಮನ ಗಂಟು ಎಂಟು ವರ್ಷದಿಂದ ಇಳಿಸ್ಕೊಂಡಿದೀನಿ. ಒಂದು ದಿನ ಬೇಜಾರು ಮಾಡ್ಕೊಂಡಿಲ್ಲ. ಯಾವ ರವಿಕೆ ಯಾರದ್ದು ಅಂತ ನಂಗೆ ನೋಡುದ್ರೇ ಗೊತ್ತಾಗುತ್ತೆ. ಅಂಗಡಿ ಜಾಗ ಬದಲಾಯ್ತು ಅಂದ್ರೆ ಒಂದು ಸಲ ಬಂದು ಹೇಳಕ್ಕೆ ಏನಾಗಿತ್ತು?"

"ಫೋನ್ ಮಾಡಿದ್ನಲ್ಲಣ್ಣ" ಎಂದರು ಆಕೆ.

"ಫೋನು ಬ್ಯಾರೆ, ಬರೋದು ಬ್ಯಾರೆ ಕಣಮ್ಮ. ಹೋಟ್ಲಲ್ಲಿ ಗಿರಾಕಿ ಇರೋವಾಗ ಫೋನ್ ಮಾಡುದ್ರೆ ಎಲ್ಲದಕ್ಕೂ ಹ್ಞೂಂ ಅಂತೀನಿ ನಾನು." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕಾಫಿ ಕುಡೀರಿ. ನನ್ ನಂಬರು ಮಾತ್ರ ಅಳಿಸಿ. ನನ್ ಕಣ್ಣೆದುರ್ಗೇ ಅಳಿಸಿ."

ಪಟ್ಟಿ ಅರಸೀಕೆರೆಯ ಕಂಪ್ಯೂಟರಿನಲ್ಲಿತ್ತು. ಇಲ್ಲಿಂದ ಅಳಿಸಲಾಗುವುದಿಲ್ಲ ಎಂದರೆ ಅವರು ನಂಬಲಿಲ್ಲ. "ಅಲ್ಲಿಂದ ಇಲ್ಲಿಗೆ ಕಳಿಸೋಕಾಗುತ್ತೆ, ಇಲ್ಲಿಂದ ಅಳಿಸೋಕಾಗಲ್ವಾ?" ಎಂದರು. ನನ್ನ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಅವರ ನಂಬರನ್ನು ಅವರೆದುರು ಅಳಿಸಿದೆ. ಅದರಿಂದ ಪಟ್ಟಿಗೆ ಏನೂ ಆಗಲಿಲ್ಲ. ಅವರಿಗೆ ಸಮಾಧಾನವಾಯಿತು. ಮರುದಿನ ಅರಸೀಕೆರೆಗೆ ಬಂದು ಪಟ್ಟಿಯಿಂದಲೂ ಅಳಿಸಿದೆ. ಗಂಟು ಮತ್ತೆ ಹತ್ತಿಸಿಕೊಂಡು ಹೊಸ ಅಂಗಡಿಗೇ ಕೊಡಲು ಕಂಡಕ್ಟರಿಗೆ ತಾನೇ ಹೇಳುತ್ತೇನೆ, ಆದರೆ ಆ ಮಾರ್ಗಕ್ಕೆ ಮೂವರು ಕಂಡಕ್ಟರುಗಳಿದ್ದಾರೆ, ಒಬ್ಬರು ದೀರ್ಘ ರಜೆಯಲ್ಲಿದ್ದಾರೆ ಎಂದು ಹೋಟೆಲ್ ಮಾಲೀಕರು ಹೇಳಿದ್ದರು.

ಉಳಿದ ಹದಿನೇಳು ಕಡೆಗೂ ಆಕೆ ಬಸ್ಸಿನಲ್ಲೇ ಹೋಗಿ ಹೇಳಿಬಂದರು. ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಅಂಗಡಿಯಲ್ಲಿ ಹೊಲಿದದ್ದು ಇನ್ನಿಬ್ಬರೇ. ನಾನು ಸೇವೆಗೆ ಹಣ ತೆಗೆದುಕೊಳ್ಳಲಿಲ್ಲ. ಆಕೆ ನನಗೆ ಕೊಡಲೂ ಬರಲಿಲ್ಲ.

ಧನುರ್ಮಾಸಕ್ಕೆ ಮೊದಲು ಹೊಸ ಅಂಗಡಿಗೆ ಬಂದ ಗಂಟುಗಳು ಹಿಂದಿನ ವರ್ಷದ ಅರ್ಧದಷ್ಟು. ಜೊತೆಗೆ ಹೊಲಿಯುತ್ತಿದ್ದ ಇಬ್ಬರಲ್ಲಿ ಒಬ್ಬರು ಡಿಸೆಂಬರ್ ಕೊನೆಗೆ ಬಿಟ್ಟರು. ಈಗ ಅವರು ಹಳೆಯ ಜಾಗದ ಪಕ್ಕದ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಾರೆ.

ಕಳೆದ ಶನಿವಾರ ಅರೇಹಳ್ಳಿಯ ಮೂರು ಬಸ್ಸಿನಲ್ಲಿ ಮೂರು ಗಂಟು ಬಂದವು. ಎರಡು ಗಿರಣಿ ಪಕ್ಕದ ಅಂಗಡಿಗೆ ತಲುಪಿದವು. ಮಧ್ಯಾಹ್ನದ ಬಸ್ಸಿನದು ಹಳೆಯ ಜಾಗದ ಪಕ್ಕದಲ್ಲಿ ಇಳಿಯಿತು. ರಜೆಯಲ್ಲಿದ್ದ ಕಂಡಕ್ಟರು ಅಂದು ಕೆಲಸಕ್ಕೆ ಬಂದಿದ್ದರು.