ಈರಮ್ಮನ ಗರಗರ ಮತ್ತು ಒಂದು ಸತ್ತ ನಕ್ಷತ್ರ

ಚೊಕ್ಕವಾಗಿ ಕೇಳಿಸುವ ರೇಡಿಯೋ ನನಗೆ ಇಷ್ಟವಿಲ್ಲ. ಹೀಗೆಂದರೆ ನಗುತ್ತೀರಿ, ನಗಿ. ನಡುನಡುವೆ ಗರ್ ಎನ್ನದ ರೇಡಿಯೋ ಕೇಳಿದರೆ ಮನೆಯವರು ಯಾರೋ ಊರಿಗೆ ಹೋಗಿದ್ದಾರೆ ಅನ್ನಿಸುತ್ತದೆ.

ಮೊನ್ನೆ ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ನಮ್ಮ ಮನೆಯ ಹಳೇ ರೇಡಿಯೋದಲ್ಲಿ ಪಲ್ಸಾರ್‌ಗಳ ಬಗ್ಗೆ ಒಂದು ಭಾಷಣ ಬಂತು. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಒಬ್ಬ ವಿದ್ಯಾರ್ಥಿನಿ ಬಯಲಿನಲ್ಲಿ ಕಂಬ ನೆಟ್ಟು, ತಂತಿ ಕಟ್ಟಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುತ್ತಿದ್ದಳಂತೆ. ಉದ್ದನೆಯ ಕಾಗದದ ಮೇಲೆ ಮುಳ್ಳು ಬರೆದ ಗೆರೆಗಳಲ್ಲಿ ಒಂದು ಕಡೆ ಸಣ್ಣ ಗೀಚು ಕಂಡಿತು. ನಾನಾಗಿದ್ದರೆ ಕಸವೆಂದು ಬಿಟ್ಟುಬಿಡುತ್ತಿದ್ದೆ. ಅವಳು ಬಿಡಲಿಲ್ಲ. ಹಿಗ್ಗಿಸಿ ನೋಡಿದರೆ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿಗೊಮ್ಮೆ, ತಾಳ ತಪ್ಪದೆ, ಟಕ್, ಟಕ್. ಭೂಮಿಯ ಮೇಲಿನ ಯಾವುದೋ ಯಂತ್ರದ ಗದ್ದಲವಿರಬೇಕೆಂದು ಮೊದಲು ಅನುಮಾನಪಟ್ಟರು. ಬೇರೆ ಲೋಕದವರು ಕರೆಯುತ್ತಿದ್ದಾರೆಂದು ತಮಾಷೆಯನ್ನೂ ಮಾಡಿಕೊಂಡರು. ಆದರೆ ಆ ಟಕ್‌ಟಕ್ ನಮ್ಮ ಗಡಿಯಾರಕ್ಕೆ ಸೊಪ್ಪು ಹಾಕದೆ ನಕ್ಷತ್ರಗಳ ಜೊತೆಗೇ ಮೂಡಿ, ನಕ್ಷತ್ರಗಳ ಜೊತೆಗೇ ಸರಿಯುತ್ತಿತ್ತು. ಇಷ್ಟು ಕೇಳುವಷ್ಟರಲ್ಲಿ ನನ್ನ ಕಾಳು ಸಿಪ್ಪೆಯ ಕಡೆಗೂ ಸಿಪ್ಪೆ ಕಾಳಿನ ಕಡೆಗೂ ಬೀಳತೊಡಗಿದ್ದವು. ಹೆಚ್ಚು ಕಡಿಮೆ ಇದೇ ಕಥೆ ನಮ್ಮ ಮನೆಯಲ್ಲೂ ನಡೆದಿತ್ತಲ್ಲ.

ನಾನು ಮಡಕಶಿರದವಳು. ಮದುವೆಯಾಗಿ ರಾಯದುರ್ಗಕ್ಕೆ ಬರುವಾಗ ಅಪ್ಪ ಒಂದು ರೇಡಿಯೋ ಕೊಟ್ಟಿದ್ದರು. ತವರಿನಲ್ಲಿ ಚೆನ್ನಾಗಿ ಹಾಡುತ್ತಿದ್ದ ಅದು ಇಲ್ಲಿಗೆ ಬಂದ ದಿನವೇ ಗರ್ ಎಂದಿತು. ಗರ್, ಬಿಡುವು, ಮತ್ತೆ ಗರ್. "ನಿಮ್ಮಪ್ಪಾರು ಕೆಟ್ಟ ರೇಡಿಯೋ ಕೊಟ್ಟಾರೇನವ್ವಾ?" ಎಂದರು ಅತ್ತೆ. ಬೈದದ್ದಲ್ಲ, ಕೇಳಿದ್ದು. ಹೊಸ ಸೊಸೆಗೆ ಅಷ್ಟು ಸಾಕು. ಅದು ಗರ್ ಎಂದಾಗಲೆಲ್ಲ ಅಪ್ಪನ ಮರ್ಯಾದೆ ಹೋದಂತಾಗಿ ಅಡಿಗೆಮನೆಯಲ್ಲಿ ಅತ್ತಿದ್ದೇನೆ. ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಜಾಣಮರಿಯಂತೆ ಹಾಡಿತು. ಮನೆಗೆ ತಂದರೆ ಮತ್ತೆ ಅದೇ ಹಾಡು. ಮಡಕಶಿರದ ರೇಡಿಯೋಕ್ಕೆ ಇಲ್ಲಿಯ ನೀರು ಒಗ್ಗಿಲ್ಲ ಎಂದು ರಿಪೇರಿಯವನು ತೀರ್ಪು ಕೊಟ್ಟ. ನನಗೂ ಒಗ್ಗಿರಲಿಲ್ಲವಾದ್ದರಿಂದ ನಂಬಿದೆ.

ಒಂದು ದಿನ ಎದುರು ಮನೆಯ ಈರಮ್ಮ ಮಜ್ಜಿಗೆಗೆಂದು ಬಂದು ಮಾತಿಗೆ ಕೂತರು. ನಮ್ಮ ಬೀದಿಯ ಎಲ್ಲರಂತೆ ಅವರೂ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುವವರು. ಉಳಿದವರು ಇನ್ನೂ ಕಾಲಲ್ಲಿ ತುಳಿಯುತ್ತಿದ್ದಾಗ ಮಿಷನ್ನಿಗೆ ಮೋಟರು ಹಾಕಿಸಿದ್ದವರು ಅವರೊಬ್ಬರೇ. ಅವರು ಕೂತಷ್ಟು ಹೊತ್ತೂ ರೇಡಿಯೋ ಚೊಕ್ಕವಾಗಿ ಹಾಡಿತು. ಅವರು ಎದ್ದು ಹೋಗಿ ಮಿಷನ್ ಮುಂದೆ ಕೂತದ್ದೇ ತಡ, ಗರ್. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅತ್ತೆ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ, "ನಮ್ಮ ಸೊಸಿ ರೇಡಿಯೋ ಚಲೋ ಐತ್ರಿ. ಗದ್ಲ ಈರಮ್ಮನ ಮೋಟರಿಂದು" ಎಂದು ಸಾರಿದರು. ಆ ವಿದ್ಯಾರ್ಥಿನಿಯ ಸದ್ದು ಆಕಾಶದಿಂದ ಬಂದಿತ್ತು, ನಮ್ಮದು ಎದುರು ಮನೆಯಿಂದ. ಅಪ್ಪನ ಮರ್ಯಾದೆ ಉಳಿಯಿತು.

ಈರಮ್ಮ ಮಾತ್ರ ನೊಂದುಕೊಂಡರು. ಅಂದಿನಿಂದ ಅವರದೇ ಒಂದು ಪದ್ಧತಿ ಶುರುವಾಯಿತು. ಚಿತ್ರಗೀತೆಯ ಹೊತ್ತಿಗೆ ಮೋಟರು ನಿಲ್ಲಿಸಿ, ಹೊಲಿದ ಪ್ಯಾಂಟುಗಳ ರಾಶಿ ಹೊತ್ತು ನಮ್ಮ ಕಟ್ಟೆಗೆ ಬಂದುಬಿಡುವರು. ಹೊಲಿಗೆಯ ತುದಿಯಲ್ಲಿ ಉಳಿದ ದಾರ ಕತ್ತರಿಸಲು ಕರೆಂಟು ಬೇಡ, ಸದ್ದೂ ಇಲ್ಲ. ಆ ಕೆಲಸವನ್ನು ಹಾಡಿಗೆಂದೇ ಎತ್ತಿಡುತ್ತಿದ್ದರು. ನಾನೂ ಒಂದು ಕತ್ತರಿ ಹಿಡಿದೆ. ಹಾಗೆ ದಾರ ಕತ್ತರಿಸುತ್ತ ಕತ್ತರಿಸುತ್ತ ತವರಿನ ನೆನಪು ಅಷ್ಟಾಗಿ ನೋಯುವುದನ್ನು ಬಿಟ್ಟಿತು. ಉಳಿದ ಹೊತ್ತಿಗೆ ಗರಗರವೇ ಸಂಗಾತಿ. ಉದ್ದ ಗರ್ ಎಂದರೆ ಕಾಲಿನ ಹೊಲಿಗೆ, ತುಂಡು ತುಂಡಾಗಿ ಬಂದರೆ ಸೊಂಟದ ಪಟ್ಟಿ. ಮಧ್ಯೆ ನಿಂತರೆ ಈರಮ್ಮ ಚಹಾ ಕುಡಿಯುತ್ತಿದ್ದಾರೆ.

ಪಲ್ಸಾರ್ ಎಂದರೇನೆಂದು ಹೇಳುವುದೇ ಮರೆತೆ. ಭಾರೀ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಕುಸಿದು ಉಳಿಯುವ ತಿರುಳು ಅದು, ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚು ತೂಕ, ಅಗಲ ಮಾತ್ರ ಇಪ್ಪತ್ತು ಕಿಲೋಮೀಟರು, ಮಡಕಶಿರದಿಂದ ಪಕ್ಕದ ಗುಡಿಬಂಡೆ ದಾಟಿ ಸ್ವಲ್ಪ ಮುಂದಕ್ಕೆ. ಓಬಳಾಪುರದ ಅದಿರುಗುಡ್ಡಗಳನ್ನು ಒಂದು ಚಮಚದಲ್ಲಿ ಅಮುಕಿ ತುಂಬಿದಷ್ಟು ಗಟ್ಟಿ. ಅದು ಗಿರಗಿರ ತಿರುಗುತ್ತ, ಕಡಲತೀರದ ದೀಪಸ್ತಂಭ ಬೆಳಕು ಬೀಸುವಂತೆ ರೇಡಿಯೋ ಅಲೆ ಬೀಸುತ್ತದೆ. ಅಲೆ ನಮ್ಮ ಕಡೆ ಹಾಯ್ದಾಗೊಮ್ಮೆ ಟಕ್. ಲಕ್ಷಾಂತರ ವರ್ಷಗಳಲ್ಲಿ ತಿರುಗುವುದು ನಿಧಾನವಾಗಿ, ಕೊನೆಗೊಮ್ಮೆ ಸದ್ದು ನಿಂತೇಹೋಗುತ್ತದಂತೆ.

ಈ ಕೊನೆಯ ಮಾತು ನನ್ನನ್ನು ಕುಟುಕಿತು. ಈರಮ್ಮನ ಕಣ್ಣು ಮಂಜಾಗಿ, ಮಳೆಗಾಲದಿಂದ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದೆ. ಮಕ್ಕಳು ಅದನ್ನು ಗುಜರಿಗೆ ಹಾಕುವ ಮಾತಾಡುತ್ತಿದ್ದಾರೆ. ಬೀದಿಯ ಹೊಸ ಮಿಷನ್‌ಗಳು ರೇಡಿಯೋವನ್ನು ಮಾತಾಡಿಸುವುದೇ ಇಲ್ಲ. ಆ ಗರ್ ಇನ್ನೆಂದೂ ಕೇಳಲಿಕ್ಕಿಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು.

ಅವರೆಕಾಯಿ ಅಲ್ಲೇ ಬಿಟ್ಟು, ಒಂದು ರವಿಕೆ ಎತ್ತಿಕೊಂಡು ಎದುರು ಮನೆಗೆ ಹೋದೆ. ಸಡಿಲವಾಗಿದೆ, ಬಿಗಿ ಮಾಡಿಕೊಡು ಎಂದೆ. ನನ್ನ ಮೈಗೆ ಯಾವ ರವಿಕೆಯೂ ಸಡಿಲವಾದ ಇತಿಹಾಸವಿಲ್ಲ, ಅದು ಈರಮ್ಮನಿಗೆ ಚೆನ್ನಾಗಿ ಗೊತ್ತು.

"ಕಣ್ಣು ಕಾಣಂಗಿಲ್ಲವ್ವಾ. ಹೊಲಿಗಿ ಸೊಟ್ಟ ಹೊಕ್ಕೈತಿ."

"ಸೊಟ್ಟ ಹೋದ್ರೂ ಹೋಗ್ಲಿ ಕಣಕ್ಕ. ನಾನು ಮನೆ ಸೇರಿದ್ಮೇಲೆ ಹೊಲಿ, ಅಷ್ಟೇ."

ಈರಮ್ಮ ರವಿಕೆಯನ್ನು ತಡವಿ ನೋಡಿದರು. ನಮ್ಮ ಮನೆಯ ಕಿಟಕಿಯ ಕಡೆ ತಿರುಗಿ, ಏನೋ ಹೊಳೆದಂತೆ ಬಾಯಿಗೆ ಸೆರಗು ಹಿಡಿದು ನಕ್ಕರು.

ಮನೆಗೆ ಬಂದು ರೇಡಿಯೋದ ಮುಂದೆ ಕೂತೆ. ಭಾಷಣ ಮುಗಿದು ಹಾಡು ಬರುತ್ತಿತ್ತು. ಒಂದು ಚರಣ ಮುಗಿಯಿತು, ಏನೂ ಇಲ್ಲ. ಆಮೇಲೆ ಗರ್. ಬಿಡುವು. ಗರ್.

ಒಳಗೆ ಮಲಗಿದ್ದ ಅತ್ತೆಗೆ ಎಚ್ಚರವಾಯಿತು. "ಯಾಕವ್ವಾ, ರೇಡಿಯೋ ಮತ್ತ ಕೆಟ್ಟೈತೇನು?"

"ಇಲ್ಲತ್ತೆ," ಎಂದೆ. "ಈಗ ರಿಪೇರಿ ಆಗೈತೆ."