ಪಾದದ ಧೂಳಿಗೆ ಕೈಯಿಲ್ಲ

ಕೆರ್ಮಾನ್ ಊರಿನ ಆ ಕೇರಿಯಲ್ಲಿ ತೂರಾನ್ ಎಂದರೆ ಗಂಡನನ್ನು ಕಣ್ಣರೆಪ್ಪೆಯ ಹಾಗೆ ಕಾಯ್ದವಳು. ಹೊಟ್ಟೆಯ ಕ್ಯಾನ್ಸರ್ ಗಂಡ ಯದುಲ್ಲಾನನ್ನು ತಿಂದು ಮುಗಿಸುವ ತನಕ ಅವನ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲವೆಂದು ನಾದಿನಿ ಇಸ್ಮತ್ ಕಂಡಕಂಡವರಿಗೆ ಹೇಳಿದ್ದಳು. ಅವನು ಸತ್ತ ಮೇಲೆ ತೂರಾನ್ ಅಫೀಮು ಸೇದುವುದು ಬಯಲಾಯಿತು. ದುಃಖಕ್ಕೆ ಕಲಿತಳು ಪಾಪ, ಎಂದರು ಜನ. ಅವಳು ತಿದ್ದಲಿಲ್ಲ.

ಈಗ ಅದನ್ನು ಬಿಟ್ಟಿದ್ದಳು. ಚಟ ಬಿಟ್ಟ ಹೆಂಗಸರ ಕೂಟದಲ್ಲಿ ಒಂದು ಕಟ್ಟಳೆ: ಮಾಡಿದ್ದನ್ನೆಲ್ಲ ಹಳಬಳೊಬ್ಬಳ ಮುಂದೆ ಹೇಳಬೇಕು. ಮುಚ್ಚಿಟ್ಟವರು ಮತ್ತೆ ಹೊಗೆಗೇ ಬಿದ್ದದ್ದನ್ನು ತೂರಾನ್ ಕಂಡಿದ್ದಳು. ಅವಳ ಪಾಲಿಗೆ ಬಂದ ಹಳಬಳು ಬದ್ರಿ. ಬಾಯಿ ಬಿಡದ ಪಿಸ್ತಾಗಳನ್ನು ಇಕ್ಕಳದಲ್ಲಿ ಬಿರಿಸುವುದು ಬದ್ರಿಯ ಕಸುಬು; ಈಗಲೂ ತನ್ನ ಮನೆಯಲ್ಲಿ ಅದನ್ನೇ ಮಾಡುತ್ತ ಕೂತಿದ್ದಳು.

"ನಾನು ಪಾಪಿ, ಬದ್ರಿ ಖಾನಂ." ತೂರಾನ್ ಶುರುಮಾಡಿದಳು. "ನಿಮ್ಮ ಪಾದದ ಧೂಳು ನಾನು."

"ಟ್ಯಾಕ್ಸಿಯವನೂ ಅದನ್ನೇ ಅಂತಾನೆ. ದುಡ್ಡು ಬೇಡ, ನಿಮ್ಮ ಪಾದದ ಧೂಳು ಅಂತಾನೆ, ಆಮೇಲೆ ಎರಡರಷ್ಟು ಕೀಳ್ತಾನೆ. ಧೂಳಿಗೆ ಕೈಯಿಲ್ಲ ಕಣೇ. ನಿನ್ನ ಕೈ ಏನು ಮಾಡ್ತು, ಅದನ್ನ ಹೇಳು."

ತೂರಾನ್ ಬಾಗಿಲ ಕಡೆ ನೋಡಿದಳು. ಹೇಳಿದರೆ ಇಸ್ಮತ್ ಕಿವಿಗೆ ಬೀಳಬಹುದು. ಹೇಳದಿದ್ದರೆ? ಬೆಳಿಗ್ಗೆಯೇ ಕಾಲು ಅಫೀಮು ಮಾರುವವನ ಓಣಿಯ ತನಕ ಎಳೆದಿತ್ತು.

"ನನ್ನಂಥ ಕೆಟ್ಟವಳು ಈ ಊರಲ್ಲೇ ಇಲ್ಲ..."

"ಓಹೋ! ಕೆಟ್ಟತನದಲ್ಲೂ ನೀನೇ ಮೊದಲು ಬರಬೇಕಾ? ಇಳಿಯೇ ಕೆಳಗೆ."

ತೂರಾನ್ ನೆಲ ನೋಡುತ್ತ ಹೇಳಿದಳು:

"ಅವರ ನೋವಿಗೆ ಅಂತ ಚಹಾದಲ್ಲಿ ಅಫೀಮು ಕರಗಿಸಿ ಕೊಡ್ತಿದ್ದೆ. ಅವರ ಪಾಲಿನಲ್ಲಿ ಅರ್ಧ ನಾನು ತೆಗೆದಿಟ್ಟು ಸೇದ್ತಿದ್ದೆ. ಸತ್ತ ಮೇಲಲ್ಲ. ಬದುಕಿದ್ದಾಗಲೇ."

ಬದ್ರಿಯ ಇಕ್ಕಳ ನಿಂತಿತು.

"ನೋವು ಹೋಗ್ತಿಲ್ಲ ತೂರಾನ್, ಅಂತಿದ್ರು. ರೋಗ ಜಾಸ್ತಿಯಾಗಿದೆ, ಅದಕ್ಕೇ ಸಾಲ್ತಿಲ್ಲ ಅಂದೆ. ನಂಬಿದ್ರು. ಸಾಯೋದಕ್ಕೆ ಮೊದಲೇ ಸಾವಿನ ಭಯ ಹುಟ್ಟಿಸಿಬಿಟ್ಟೆ ನಾನು."

ಎದ್ದು ಹೋಗು ಎನ್ನುತ್ತಾಳೆಂದು ತೂರಾನ್ ಕಾದಳು. ಬದ್ರಿ ಮತ್ತೊಂದು ಪಿಸ್ತಾ ಎತ್ತಿಕೊಂಡಳು.

"ಇಸ್ಮತ್‌ಗೆ ಹೇಳ್ತೀರಾ?"

"ನಿನ್ನ ಮಾತು, ನಿನ್ನ ಬಾಯಿ. ನಾನ್ಯಾಕೆ ಹೇಳ್ಲಿ? ಈಗ ಹೊಗೆ ಬೇಕು ಅನ್ಸುತ್ತಾ?"

"ತುಂಬಾ."

"ಹಾಗಾದ್ರೆ ಹೋಗ್ಬೇಡ. ಸೊಪ್ಪು ಬಿಡಿಸೋದಿದೆ. ಊಟ ಮುಗಿಸಿ ನಾನೇ ಮನೆ ತನಕ ಬರ್ತೀನಿ."

ತೂರಾನ್ ಏಳಲಿಲ್ಲ. ಕೊತ್ತಂಬರಿ ಕಟ್ಟು ಬಿಚ್ಚಿದಳು. ಕೈ ಒಂದೊಂದೇ ಎಲೆ ಬಿಡಿಸತೊಡಗಿತು.