ಧರ್ಮಕ್ಕೆಂದು ಬರೆಸಿದ ನಾಟಿ

ಗೋಲ್‌ಕೀಪರಿಗೆ ಹೆದರಿಕೆ ಇರಬಾರದು ಅನ್ನುತ್ತಾರೆ. ಹಾಗನ್ನುವವರು ಯಾರೂ ಗೋಲಿನಲ್ಲಿ ನಿಂತವರಲ್ಲ. ನನಗೆ ಚೆಂಡಿನ ಹೆದರಿಕೆ ಮೊದಲಿನಿಂದಲೂ ಇತ್ತು, ಅದರ ಜೊತೆಗೇ ಆಡಿದೆ. ಆದರೆ ಆ ವರ್ಷ ಲೀಗ್ ಸಮಿತಿಯಿಂದ ನಮ್ಮ ಕ್ಲಬ್ಬಿಗೆ ನೋಟಿಸು ಬಂದಾಗ ಆದ ಹೆದರಿಕೆಯೇ ಬೇರೆ. ಚೆಂಡಾದರೆ ಎದುರಿನಿಂದ ಬರುತ್ತದೆ. ಬಿದ್ದೋ ಎದ್ದೋ ಕೈಯಾದರೂ ಚಾಚಬಹುದು. ಇದಕ್ಕೆ ಎತ್ತ ಹಾರಬೇಕೆಂದೇ ತಿಳಿಯಲಿಲ್ಲ.

ನಮ್ಮದು ಪಾಂಡವಪುರದ ಹತ್ತಿರ, ನಾಲೆ ನೀರಿನ ಬಯಲಲ್ಲಿರುವ ಹಳ್ಳಿ. ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ಬು ಕಟ್ಟಿದವರು ನನ್ನ ಸೋದರಮಾವ. ಹಾಲಿನ ಸೊಸೈಟಿಯಲ್ಲಿ ಗುಮಾಸ್ತರು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಕ್ಲಬ್ಬುಗಳು ಸೇರಿ ಆಡುವ ಲೀಗಿನಲ್ಲಿ ನಮ್ಮದೂ ಒಂದು. ಸೀಸನ್ ಪೂರ್ತಿ ಆಡಿದರೆ ಒಂದು ಸರ್ಟಿಫಿಕೇಟು ಕೊಡುತ್ತಿದ್ದರು. ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಲು ನನಗೆ ಅದು ಬೇಕಿತ್ತು. ವಯಸ್ಸಿನ ಲೆಕ್ಕದಲ್ಲಿ ಅದೇ ನನ್ನ ಕೊನೆಯ ವರ್ಷ. ಆ ಸೀಸನ್ ಕೈಬಿಟ್ಟರೆ ಖಾಕಿಯ ಆಸೆಯನ್ನೂ ಬಿಡಬೇಕಿತ್ತು.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಇವತ್ತು ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಕೆಲಸಕ್ಕೆ ನೀವು ಬರಬೇಕು. ಅದರಲ್ಲಿ ಕೂಲಿಯೂ ಇಲ್ಲ, ಉಪಕಾರವೂ ಇಲ್ಲ. ಕ್ಲಬ್ಬು ನಡೆದದ್ದೇ ಅದರಿಂದ. ಬೀದಿ ಕೊನೆಯ ಮನೆಯ ಅಜ್ಜಿಯ ಟ್ರಾಕ್ಟರು ಕೆರೆ ಪಕ್ಕದ ನಮ್ಮ ಆಟದ ಬಯಲನ್ನು ಸಮ ಮಾಡಿಕೊಡುತ್ತಿತ್ತು, ಟ್ರೈಲರಿಗೆ ಟಾರ್ಪಾಲು ಕಟ್ಟಿಕೊಂಡು ನಮ್ಮನ್ನು ಪಂದ್ಯಕ್ಕೆ ಒಯ್ಯುತ್ತಿತ್ತು. ನಾಟಿ ಕಾಲ ಬಂದರೆ ಇಡೀ ತಂಡ ಅಜ್ಜಿಯ ಗದ್ದೆಗೆ ಇಳಿಯುತ್ತಿತ್ತು. ಅಜ್ಜಿ ಬದುವಿನ ಮೇಲೆ ನಿಂತು ನನ್ನನ್ನೇ ಹುಡುಕಿ ಕಾಲೆಳೆಯುವಳು. "ಏನಮ್ಮಿ, ಗೋಲಲ್ಲಂತೂ ಬಗ್ಗಾಕಿಲ್ಲ, ಗದ್ದೇಲಾದ್ರೂ ಬಗ್ಗು!" ಮಧ್ಯಾಹ್ನ ಅವಳೇ ಮುದ್ದೆ, ಸೊಪ್ಪಿನ ಸಾರು ತಂದು ಬಡಿಸುವಳು. ಇನ್ನೊಂದು ಮುದ್ದೆ ಬೇಡ ಅಂದವರ ತಲೆಗೆ ಮೊಟಕುವಳು.

ಆ ವರ್ಷ ಲೀಗಿನವರು ಹೊಸ ನಿಯಮ ತಂದರು. ಪ್ರತಿ ಕ್ಲಬ್ಬೂ ಖರ್ಚು ವರಮಾನ ತೋರಿಸಬೇಕು, ವರಮಾನ ಮೀರಿ ಖರ್ಚು ಮಾಡಬಾರದು, ಮಾಡಿದರೆ ಶಿಕ್ಷೆ. ದುಡ್ಡಿರುವವನೊಬ್ಬ ಗುಟ್ಟಾಗಿ ಹಣ ಸುರಿದು ಗೆಲ್ಲಬಾರದು ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಪ್ರಯಾಣದ ಖರ್ಚು, ಮೈದಾನದ ಖರ್ಚು ಅನ್ನುವ ಕಡೆ ಏನೂ ಬರೆಯದೆ ಬಿಡುವುದಕ್ಕೆ ನಮ್ಮ ಮಾವನಿಗೆ ಮನಸ್ಸು ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. "ಖಾಲಿ ಬುಟ್ರೆ ಇವ್ರದ್ದೂ ಒಂದು ಕ್ಲಬ್ಬಾ ಅಂತಾರೆ ಕಣಮ್ಮಿ" ಎಂದು ಟ್ರಾಕ್ಟರಿಗೆ ಊರಲ್ಲಿ ನಡೆಯುವ ಬಾಡಿಗೆ ದರವನ್ನೇ ಹಾಕಿ, ಓಡಾಡಿದ್ದಕ್ಕೆಲ್ಲ ಮುತ್ತಿನಂಥ ಅಕ್ಷರದಲ್ಲಿ ಖರ್ಚು ಬರೆದರು. ವರಮಾನದ ಕಡೆ ನಮ್ಮ ತಿಂಗಳ ಚಂದಾ, ಬೆಳ್ಳೂರು ಕ್ರಾಸಿನ ಹೋಟೆಲಿನವರೊಬ್ಬರು ಕೊಡಿಸಿದ ಜರ್ಸಿ, ಅಷ್ಟೇ. ಕೊಡದೇ ಇದ್ದ ಬಾಡಿಗೆಯನ್ನು ಕೊಟ್ಟಂತೆ ಬರೆದು ನಮ್ಮ ಕ್ಲಬ್ಬು ತಾನಾಗಿಯೇ ಕಳ್ಳನ ಸಾಲಿಗೆ ಹೋಗಿ ನಿಂತಿತು.

ಖರ್ಚಿಗೆ ಹಣ ಎಲ್ಲಿಂದ ಬಂತೆಂದು ವಿಚಾರಣೆಗೆ ಕರೆದ ನೋಟಿಸು ಓದಿ ಮಾವ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಶ್ರೀರಂಗಪಟ್ಟಣದ ಕಡೆಯ ಒಂದು ಕ್ಲಬ್ಬನ್ನು ಇದೇ ನಿಯಮದಡಿ ಲೀಗಿನಿಂದ ತೆಗೆದುಹಾಕಿದ್ದರು. ತೆಗೆದುಹಾಕಿದರೆ ಅವರು ಆಡಿದ ಪಂದ್ಯಗಳೂ ಹೋದಂತೆ, ಆಡಿಯೇ ಇಲ್ಲ ಅಂತ ಲೆಕ್ಕ. ಅವರ ಗೋಲ್‌ಕೀಪರು ನನಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಅವಳೇ ಅಂದಳು: "ಕ್ಲಬ್ನೋರು ಏನ್ ಬರೆದ್ರೋ ನಮಗೇನ್ ಗೊತ್ತಕ್ಕ? ಆಡಿದ್ದೆಲ್ಲ ನೀರಲ್ ಓಯ್ತು." ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಬರೆ ಬಿದ್ದ ಎತ್ತನ್ನು ಅವತ್ತೇ ಎದುರಿಗೆ ನೋಡಿದ್ದು. ಅವಳ ಮುಖ ನನ್ನನ್ನು ಬಿಡಲಿಲ್ಲ. ಅನ್ನ ಕಲಸಿದರೆ ತುತ್ತು ಇಳಿಯದು. ಪ್ರಾಕ್ಟೀಸಿನಲ್ಲಿ ಸುಮ್ಮನೆ ಉರುಳಿ ಬಂದ ಚೆಂಡೂ ಕೈಯಿಂದ ಜಾರುತ್ತಿತ್ತು. ಅವ್ವನಿಗೆ ಹೇಳಿದರೆ ಅವಳೂ ಹೆದರುತ್ತಾಳೆಂದು ಹೇಳಲಿಲ್ಲ.

ವಿಚಾರಣೆ ನಾಗಮಂಗಲದ ಒಂದು ಶಾಲೆಯ ಕೊಠಡಿಯಲ್ಲಿ. ಟ್ರಾಕ್ಟರಿನ ಒಡತಿಯೇ ಬಂದು ಹೇಳಲಿ ಎಂದು ಮಾವ ಅಜ್ಜಿಯನ್ನು ಹೊರಡಿಸಿದರು. ತಂಡದ ಕ್ಯಾಪ್ಟನ್ ಅಂತ ನಾನೂ ಹೋದೆ. ಬಸ್ಸಿನಲ್ಲಿ ಮಾವ ಅಜ್ಜಿಗೆ ಪಾಠ ಹೇಳಿಕೊಟ್ಟರು. "ಏನ್ ಕೇಳಿದ್ರೂ ಟ್ರಾಕ್ಟರು ದಾನ ಕೊಟ್ಟೆ ಅನ್ನಿ ಅತ್ತೆ, ಅಷ್ಟೇಯ." ಅಜ್ಜಿ ಎಲೆ ಅಡಿಕೆ ಅಗಿಯುತ್ತ ಕಿಟಕಿಯಾಚೆ ಯಾರದೋ ಪೈರು ನೋಡುತ್ತಿದ್ದಳು. "ನೋಡಣ ಬುಡು" ಅಂದಳು. ಅಜ್ಜಿ ನೋಡಣ ಅಂದ ಯಾವ ಕೆಲಸವೂ ಬೇರೆಯವರ ಇಷ್ಟದಂತೆ ಆದದ್ದನ್ನು ನಾನು ಕಂಡಿರಲಿಲ್ಲ.

ಸಮಿತಿಯ ಅಧ್ಯಕ್ಷರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಸಮಾಧಾನಪಡುತ್ತಿದ್ದೆ. ನಮಗೆ ಕೂರಲು ಹೇಳಿ, ನೀರು ತರಿಸಿ, ಆಮೇಲೆ ಮಾವನನ್ನು ಕೇಳಿದರು: "ನೋಡಿ ಸ್ವಾಮಿ, ಖರ್ಚು ಮಾರುದ್ದ ಇದೆ, ವರಮಾನ ಗೇಣುದ್ದ. ಮಿಕ್ಕಿದ್ದನ್ನ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ ಸಾರ್. ಟ್ರಾಕ್ಟರು ಈ ಅಜ್ಜೀದು. ನಾವು ಬಾಡಿಗೇನೇ ಕೊಟ್ಟಿಲ್ಲ, ಸುಮ್ನೆ ರೇಟು ಬರ್ದೆ" ಅಂದರು ಮಾವ. ಸೊಸೈಟಿಯಲ್ಲಿ ಗದರುವ ದನಿ ಅಲ್ಲಿ ಸಣ್ಣಗಾಗಿತ್ತು.

"ಅಂದ್ರೆ ಅಜ್ಜಿ ಕ್ಲಬ್ಬಿಗೆ ದಾನ ಕೊಟ್ಟಿದಾರೆ. ಅಲ್ವೇನಮ್ಮ?"

ಅಜ್ಜಿ ಹುಬ್ಬು ಗಂಟಿಕ್ಕಿದಳು. "ದಾನ ಕೊಡಕ್ಕೆ ನಾನೇನ್ ಸಾವ್ಕಾರ್ತೀನಾ? ಈ ಐಕ್ಳು ನನ್ ಗದ್ದೆ ನಾಟಿ ಮಾಡ್ಕೊಟ್ಟವ್ರೆ. ಅದ್ಕೇ ಕಳಿಸ್ದೆ."

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಸದಸ್ಯರು ತಲೆ ಎತ್ತಿದರು. "ಹಾಗಾದ್ರೆ ಆಟಗಾರ್ತಿಯರಿಂದ ಕೂಲಿ ಮಾಡಿಸಿದೀರಿ. ಆ ವರಮಾನಾನೂ ಮುಚ್ಚಿಟ್ಟಿದೀರಿ."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮಾತು ಆಗ ನಮ್ಮೂರಿನ ಮಾತಾಯಿತು. "ಮುಯ್ಯಾಳು ನಂಗೊತ್ತಿಲ್ವೇನವ್ವ? ನಮ್ಮವ್ವನೂ ಓಗ್ತಿದ್ಲು. ಆದ್ರೆ ನಿಯಮದಲ್ಲಿ ಅದ್ಕೆ ಜಾಗ ಇಲ್ಲ. ಐಕ್ಳು ನಿನ್ ಗದ್ದೆಗೆ ಕೂಲಿಗ್ ಬಂದ್ರಾ, ಧರ್ಮಕ್ ಬಂದ್ರಾ? ಎರಡ್ರಲ್ಲೊಂದು ಯೋಳು. ಕೂಲಿ ಅಂದ್ರೆ ಕ್ಲಬ್ಬನ್ನ ತೆಗೀಲೇಬೇಕಾಯ್ತದೆ. ಧರ್ಮಕ್ಕೆ ಅಂದ್ರೆ, ಲೆಕ್ಕ ತಪ್ಪು ಬರ್ದಿದ್ದಕ್ಕೆ ಪಾಯಿಂಟು ಕಿತ್ಕಂಡು ಬುಟ್ಬುಡ್ತೀವಿ."

"ಎರಡೂ ಅಲ್ಲ" ಅಂದಳು ಅಜ್ಜಿ.

ಬಸ್‌ಸ್ಟ್ಯಾಂಡಿನ ಆ ಹುಡುಗಿ ಕಣ್ಣ ಮುಂದೆ ಬಂದಳು. ಅವಳ ಮುಖದ ಜಾಗದಲ್ಲಿ ನನ್ನದೇ ಮುಖ ಇತ್ತು. ಎಷ್ಟು ಸತ್ಯವಂತೆ ಈ ಮುದುಕಿ, ಇವಳ ಸತ್ಯಕ್ಕೆ ನಾನು ಬಲಿಯಾಗಬೇಕಾ ಅಂತ ಸಿಟ್ಟೂ ಬಂತು. ಆದರೆ ಬಾಯಿಂದ ಹೊರಟದ್ದು ಸಿಟ್ಟಲ್ಲ, ಅಳು. ಅವಳ ಸೆರಗು ಹಿಡಿದು, "ಅಜ್ಜಿ, ಧರ್ಮಕ್ಕೆ ಅಂದ್ಬುಡಜ್ಜಿ. ನಿನ್ ದಮ್ಮಯ್ಯ" ಅಂದೆ.

ಅಜ್ಜಿ ನನ್ನ ಕೈ ನೋಡಿದಳು. ಅದು ಸೆರಗನ್ನು ಬಿಟ್ಟಿರಲಿಲ್ಲ. ಆಮೇಲೆ ಮೇಜಿನ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ ಹೇಳಿದಳು: "ಊಂ, ಧರ್ಮಕ್ಕೇ ಕಣ್ರಪ್ಪ. ಕೈಲಾಗ್ದೋಳು ಅಂತ ಐಕ್ಳು ಧರ್ಮಕ್ಕೆ ನೆಟ್ಕೊಟ್ರು, ಟ್ರಾಕ್ಟರು ನಾನ್ ದಾನ ಕೊಟ್ಟೆ. ಬರ್ಕಳಿ."

ಅವರು ಬರೆದುಕೊಂಡರು. ಅವಳು ರುಜು ಹಾಕಿದಳು. ನಮ್ಮ ಪಾಯಿಂಟುಗಳೆಲ್ಲ ಹೋಗಿ ಕ್ಲಬ್ಬು ಲೀಗಿನ ತಳಕ್ಕೆ ಬಿತ್ತು, ಆದರೆ ಹೊರಗೆ ಬೀಳಲಿಲ್ಲ. ವಾಪಸು ಬರುವಾಗ ಮಾವ ಖುಷಿಯಲ್ಲಿ ಮೈಸೂರು ಪಾಕು ಕೊಂಡು ಹಂಚಿದರು. ಅಜ್ಜಿ ತನ್ನ ಪಾಲನ್ನು ನನ್ನ ಕೈಗೆ ಹಾಕಿ ಕಿಟಕಿಗೆ ತಲೆ ಆನಿಸಿ ಮಲಗಿದಳು. ದಣಿದಿದ್ದಾಳೆ ಅಂದುಕೊಂಡೆ. ಎರಡೂ ಪಾಲು ನಾನೇ ತಿಂದೆ, ಅಷ್ಟು ದಿನ ಆದ ಮೇಲೆ ಹಸಿವಾಗಿತ್ತು.

ಸೀಸನ್ ಮುಗಿದು ಸರ್ಟಿಫಿಕೇಟು ಬಂತು. ಅರ್ಜಿಯನ್ನೂ ಹಾಕಿದೆ. ನಾಲೆಗೆ ನೀರು ಬಿಟ್ಟು ಊರಲ್ಲೆಲ್ಲ ನಾಟಿ ಶುರುವಾದರೂ ಅಜ್ಜಿಯಿಂದ ಕರೆ ಬರಲಿಲ್ಲ. ಒಂದು ಬೆಳಿಗ್ಗೆ ನಾನೇ ಹುಡುಗಿಯರನ್ನು ಕರೆದುಕೊಂಡು ಹೋದೆ. ಅವಳ ಗದ್ದೆಯಲ್ಲಿ ಬೇರೆ ಊರಿನ ಕೂಲಿ ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಿದ್ದರು. ಅಜ್ಜಿ ಬದುವಿನ ಮೇಲೆ ನಿಂತಿದ್ದಳು, ಯಾರ ಕಾಲನ್ನೂ ಎಳೆಯುತ್ತಿರಲಿಲ್ಲ.

"ಯಾಕಜ್ಜಿ, ನಮ್ಮನ್ನ ಕರೀಲೇ ಇಲ್ಲ?"

"ಎಂಗ್ ಕರೀಲಿ ಮಗ? ಮುಯ್ಯಾಳಾಗಿದ್ರೆ ದಬಾಯಿಸಿ ಕರೀತಿದ್ದೆ. ಧರ್ಮಕ್ ಬನ್ರವ್ವ ಅಂತ ಕರೆಯಕ್ಕೆ ಮೊಕ ಬ್ಯಾಡ್ವಾ?" ಪೈರಿನ ಒಂದು ಕಟ್ಟನ್ನು ಕೂಲಿಯವರತ್ತ ಎಸೆದು ಅಂದಳು, "ಟ್ರಾಕ್ಟರು ನಾಳೆ ಕಳಿಸ್ತೀನಿ, ಬಯಲು ಸಮ ಮಾಡ್ಸ್ಕಳಿ. ಅದು ದಾನ ತಾನೇ."

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ. ಸಿಟ್ಟಿರಲಿಲ್ಲ. ಹುಡುಗಿಯರು ಲಂಗ ಎತ್ತಿ ಕಟ್ಟಿದ್ದನ್ನು ಇಳಿಸಿಕೊಂಡರು.

ಕೆಲಸ ಸಿಕ್ಕಿತು. ಈಗ ಖಾಕಿ ಹಾಕಿಕೊಂಡು ಊರಿಗೆ ಹೋದರೆ ಹುಡುಗರು ಬೀಡಿ ಎಸೆದು ಎದ್ದು ನಿಲ್ಲುತ್ತಾರೆ, ನನಗೆ ಹೆದರುತ್ತಾರೆ. ಬಸ್ಸಿಳಿದು ನಮ್ಮ ಮನೆಗೆ ಹತ್ತಿರದ ದಾರಿ ಅಜ್ಜಿಯ ಗದ್ದೆಯ ಬದು. ಅವಳು ಅಲ್ಲಿ ನಿಂತಿರುತ್ತಾಳೇನೋ ಎಂದು ಹೆದರಿ, ನಾಲೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತೇನೆ.